ಇಲ್ಲದ ಕಾರಿನ ನಟ್ಟು ಬೋಲ್ಟು

ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಈ ಕೆಲಸ ಮಾಡಿದವರಿಗೆ ಗೊತ್ತು, ಒಮ್ಮೆ ಕೂತರೆ ಮಧ್ಯೆ ಏಳಬಾರದು. ಎದ್ದರೆ ಬೆರಳಿಗೆ ಹತ್ತಿದ ಲಯ ತಪ್ಪುತ್ತದೆ. ಆಮೇಲೆ ಕಾಳು ಪಿಚಕ್ಕೆಂದು ಗೋಡೆಗೆ ಹಾರುತ್ತದೆಯೇ ಹೊರತು ಪಾತ್ರೆಗೆ ಬೀಳುವುದಿಲ್ಲ. ಹಾಗಾಗಿ ಫೋನು ಬಡಿದುಕೊಂಡರೂ ಬಿಟ್ಟೆ. ಮತ್ತೆ ಬಡಿದುಕೊಂಡಿತು, ಮತ್ತೆ ಬಿಟ್ಟೆ. ಕೊನೆಗೆ ಹಜಾರದಿಂದ ನಮ್ಮ ಯಜಮಾನರು, "ಅದ್ಯಾರೋ ನೋಡೇ, ಪಾಪ" ಎಂದರು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ. ಹಂಗಳದಿಂದ ನನ್ನ ತಮ್ಮ ಮಾದೇಶ.

"ಅಕ್ಕೋ, ಭಾವ ಅವ್ರಾ? ಒಸಿ ಪೋನ್ ಕೊಡಕ್ಕ. ಬ್ಯಾಡ ಬ್ಯಾಡ, ನೀನೇ ಯೋಳು. ಭಾವನ ಕಾರು ಬತ್ತದ ಕಣಕ್ಕ!"

"ಯಾವ ಕಾರೋ?"

"ಯಾವ್ ಕಾರು ಅಂತ ಕೇಳ್ತೀಯಲ್ಲಕ್ಕ! ಗ್ವಾಡೆ ಮ್ಯಾಲೆ ಅದಲ್ಲ, ಅದೇಯ!"

ನನ್ನ ತಮ್ಮನದು ಊಟಿ ರಸ್ತೆಯ ಪಕ್ಕ ಒಂದು ಸಣ್ಣ ಹೋಟೆಲು. ಇಡ್ಲಿ, ಚಿತ್ರಾನ್ನ, ಟೀ. ವರ್ಷಕ್ಕೊಮ್ಮೆ ದೊಡ್ಡ ದೊಡ್ಡ ಕಾರಿನವರು ಸಾಲಾಗಿ ಊಟಿಗೆ ಹೋಗುವಾಗ ಅವನಲ್ಲಿ ನಿಂತು ತಿಂಡಿ ತಿನ್ನುತ್ತಾರೆ. ಭಾನುವಾರ ಬರುತ್ತೇವೆ, ಇಡ್ಲಿ ಹೆಚ್ಚಾಗಿ ಇಡಪ್ಪಾ ಎಂದು ಹೇಳಲು ಅವರು ಫೋನು ಮಾಡಿದ್ದರಂತೆ. ಜೊತೆಗೆ ಈ ಸಲ ಬರುವ ಕಾರುಗಳ ಫೋಟೋಗಳನ್ನೂ ಕಳಿಸಿದ್ದರಂತೆ. ಅದರೊಳಗೆ ನಮ್ಮ ಹಜಾರದ ಗೋಡೆಯ ಮೇಲಿನ ಚಿತ್ರದ ಕಾರೂ ಇತ್ತು.

ಯಜಮಾನರು ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು. "ಫೋಟೋ ಕಳಿಸು ಅನ್ನು" ಎಂದರು. ಬಂತು. ನಾನು ನೋಡಿದೆ.

"ಮುಂದಿನ ದೀಪ ಹೇಗಿದೆ?"

"ದುಂಡಗಿದೆ ರೀ."

"ಹಿಂದೆ, ಸೀಟಿನ ಹಿಂದೆ, ಜಾಲರಿ ಇದೆಯಾ?"

"ಇದೆ. ನಮ್ಮ ಹಳೇ ಕಿಟಕಿಗೆ ಇತ್ತಲ್ಲ, ಹಾಗೆ."

ಅವರು ಹೊಸ್ತಿಲ ಮೇಲೇ ಕೂತುಬಿಟ್ಟರು. ಹೊಸ್ತಿಲ ಮೇಲೆ ಕೂರಬಾರದು ಎಂದು ನಾನು ಯಾರಿಗೇ ಆಗಲಿ ಹೇಳದೆ ಬಿಟ್ಟವಳಲ್ಲ. ಆ ದಿನ ಬಿಟ್ಟೆ.

ಇಷ್ಟು ಓದಿ ನಮ್ಮನ್ನು ಕಾರು ಇಟ್ಟ ಸಾಹುಕಾರರೆಂದು ತಿಳಿಯಬೇಡಿ. ನಮಗೆ ಕಾರಿಲ್ಲ. ಯಜಮಾನರಿಗೆ ಕಾರು ಓಡಿಸಲೂ ಬರುವುದಿಲ್ಲ. ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲಿ ಬಂದವರು. ಆದರೆ ಇಟಲಿ ದೇಶದ ಒಂದೇ ಒಂದು ಕಾರಿನ ಹುಚ್ಚು ಅವರಿಗೆ. ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಮ್ಮತ್ತೆ ಬದುಕಿದ್ದಾಗ ಅದನ್ನು "ಕೆಂಪಿ" ಎನ್ನುತ್ತಿದ್ದರು, ಮನೆಯಲ್ಲಿ ಅದೇ ಉಳಿಯಿತು. ಅಕ್ಕಪಕ್ಕದವರ ಮುಂದೆ ಅತ್ತೆ ಹೇಳುತ್ತಿದ್ದರು, "ಗಂಡಸ್ರು ಇನ್ನೊಬ್ಳ ಮಡಿಕತರ. ಇಲ್ದಿದ್ರೆ ಕಾರು ಮಡಿಕತರ. ನನ್ ಮಗ ನೋಡವ್ವ, ಇಲ್ದೇ ಇರ ಕಾರ ಮಡಿಕಂಡವ್ನೆ!"

ಈ ಇಲ್ಲದ ಕಾರಿನ ಒಂದೊಂದು ತುಣುಕು ನಮ್ಮ ಮನೆಗೆ ಅಂಚೆಯಲ್ಲಿ ಬಂದು ಸೇರಿದೆ. ಕೀಲಿ ಸಿಕ್ಕಿಸುವ ಚರ್ಮದ ಪಟ್ಟಿ, ಹಾರ್ನಿನ ಗುಂಡಿ, ಚಕ್ರದ ನಡುವಿನ ಬಿಲ್ಲೆ, ಸೀಟಿನಿಂದ ಕತ್ತರಿಸಿದ ಅಂಗೈಯಗಲದ ಚರ್ಮ, ಕಾರು ಮಾರುವಾಗ ಅಂಗಡಿಯಲ್ಲಿ ಕೊಡುತ್ತಿದ್ದ ಬಣ್ಣದ ಪುಸ್ತಿಕೆ. ಅಂಚೆಯಣ್ಣ ಬಾಗಿಲಲ್ಲೇ ಕೂಗುತ್ತಿದ್ದ, "ಅಮ್ಮಾ, ಸಾಯೇಬ್ರಿಗೆ ಇನ್ನೊಂದ್ ನಟ್ಟು ಬಂದದ! ಪೂರಾ ಕಾರು ಆಗದು ಯಾವಾಗ? ನಂಗೂ ಒಂದ್ ರೌಂಡ್ ಕೊಡ್ಸಿ!"

ನಾನು ನಗುತ್ತಿದ್ದೆ, ಆದರೆ ಗೇಲಿ ಮಾಡುತ್ತಿರಲಿಲ್ಲ. ಗೇಲಿ ಮಾಡಲು ನನಗೇನು ಹಕ್ಕು? ಹರದನಹಳ್ಳಿಯಲ್ಲಿ ಚಿಕ್ಕವಳಿದ್ದಾಗ ನಾನು ಒಡೆದ ಬಳೆಚೂರು ಆಯುತ್ತಿದ್ದವಳು. ಬಳೆಗಾರ ಊರಿಗೆ ಬಂದು ಹೋದ ಮೇಲೆ ಜಗಲಿಗಳ ಕೆಳಗೆ ಹುಡುಕಬೇಕು. ಹಸಿರು ಚೂರು ಬೇಕಾದಷ್ಟು ಸಿಗುತ್ತಿತ್ತು. ನೀಲಿಯಲ್ಲಿ ಚಿನ್ನದ ಗೆರೆ ಇರುವುದು ಸಿಕ್ಕರೆ ಆ ದಿನ ಊಟ ಬೇಡ. ಅಂಥ ಒಂದು ಚೂರಿಗಾಗಿ ಚಿಕ್ಕಪ್ಪನ ಮಗಳ ಜುಟ್ಟು ಹಿಡಿದು ಎಳೆದಿದ್ದೆ. ಪೌಡರ್ ಡಬ್ಬಿಯಲ್ಲಿ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿ, ಅದರ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಆ ಚೂರುಗಳಿಂದ ಬಳೆಯಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಅವ್ವ ಒಂದು ದಿನ, ಕಾಲಿಗೆ ಚುಚ್ಚುತ್ತದೆಂದು, ಎಲ್ಲವನ್ನೂ ತಿಪ್ಪೆಗೆ ಸುರಿದಳು. ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲಿ ಯಜಮಾನರು ಟ್ರಂಕು ತೆಗೆದು ತೋರಿಸಿದಾಗ ನನಗೆ ಮೊದಲು ಬಂದ ಯೋಚನೆ ಇದು: ಇವರವ್ವ ಒಳ್ಳೆಯವರು, ಸುರಿಯಲಿಲ್ಲ.

ಹುಚ್ಚು ಹಿಡಿದದ್ದು ಶಾಲೆಯಲ್ಲಿ. ಯಜಮಾನರು ಗುಂಡ್ಲುಪೇಟೆಯಲ್ಲಿ ಬೆಳೆದವರು. ಬಂಡೀಪುರಕ್ಕೆ ಹೋಗುವ ಪರಂಗಿಯವರು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು ಏನಾದರೂ ಬಿಟ್ಟು ಹೋಗುತ್ತಿದ್ದರಂತೆ. ಹಾಗೆ ಬಿಟ್ಟುಹೋದ ಒಂದು ಮಾಸಪತ್ರಿಕೆಯ ಹಾಳೆಗಳು ಇವರಿಗೆ ಸಿಕ್ಕವು. ಆಗೆಲ್ಲ ಪಠ್ಯಪುಸ್ತಕಕ್ಕೆ ಬೈಂಡು ಹಾಕಲು ಕ್ಯಾಲೆಂಡರು ಹಾಳೆ ಸಿಕ್ಕರೇ ಹೆಚ್ಚು, ನೀವೂ ಹಾಕಿರುತ್ತೀರಿ. ಹಿಂದುಗಡೆ ತಾರೀಖು, ಮುಂದುಗಡೆ ಲಕ್ಷ್ಮಿ. ಇವರ ವಿಜ್ಞಾನದ ಪುಸ್ತಕಕ್ಕೆ ಮಾತ್ರ ಮಿರಮಿರ ಮಿಂಚುವ ಪರದೇಶದ ಹಾಳೆ, ಅದರ ಮೇಲೆ ಹಣ್ಣುಮೆಣಸಿನಕಾಯಿ ಬಣ್ಣದ ಚಪ್ಪಟೆ ಕಾರು. ವರ್ಷಪೂರ್ತಿ ಮೇಲಿನ ಬೈಂಡು ನೋಡಿದರಂತೆ, ಒಳಗಿನದು ನೋಡಲಿಲ್ಲವಂತೆ. ವಿಜ್ಞಾನದಲ್ಲಿ ಫೇಲು.

ಆ ಕಾರು ಹುಟ್ಟಿದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಬೆಟ್ಟದ ದೇವರು ಮಾದಪ್ಪನ ಕಥೆಯ ಪಕ್ಕದಲ್ಲೇ ಅದೂ ಬಾಯಿಪಾಠವಾಗಿದೆ. ಮುದ್ದೆ ತಿರುವುವಾಗ ಅವರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ನೀರೆತ್ತುವ ಪಂಪು ಮಾಡಿ ದುಡ್ಡು ಕಂಡ ಒಬ್ಬ ಸಾಹುಕಾರ, ಭೂಮಿಗೆ ಅಂಟಿಕೊಂಡು ಹೋಗುವಂಥ ಕಾರೊಂದನ್ನು ಮಾಡಬೇಕೆಂದು ಹೊರಟ. ಮರದ ಅಚ್ಚಿನ ಮೇಲೆ ತಗಡಿಟ್ಟು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮೈ ಮಾಡುತ್ತಿದ್ದರಂತೆ. ಕೈಕೆಲಸವಲ್ಲವೇ, ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಕೂರುತ್ತಿರಲಿಲ್ಲವಂತೆ. "ನನ್ನ ರೊಟ್ಟಿ ಹಾಗೆ" ಎನ್ನುತ್ತಿದ್ದೆ. ಇಂಜಿನ್ನು ಎಲ್ಲ ಕಾರಿನಂತೆ ಮುಂದಿಲ್ಲ, ಕೂರುವವರ ಬೆನ್ನಿನ ಹಿಂದೆ.

"ಬೆನ್ನಿಗೇ ಒಲೆ ಕಟ್ಟಿಕೊಂಡರೆ ಬೇಯುವುದಿಲ್ವಾ?"

"ಬೇಯುತ್ತೆ ಕಣೆ. ಅದಕ್ಕೇ ಕೊಳ್ಳೋರು ಹಿಂದೆ ಮುಂದೆ ನೋಡಿದ್ದು."

ಪೆಟ್ರೋಲು ತುಟ್ಟಿಯಾಯಿತು. ಕೊಳ್ಳುವವರು ಬರಲಿಲ್ಲ. ನೂರು ಮಾಡುತ್ತೇವೆಂದು ಹೊರಟವರು ಅದರ ಅರ್ಧವನ್ನೂ ಮುಟ್ಟಲಿಲ್ಲ. ಕಾರ್ಖಾನೆಗೆ ಬೀಗ ಬಿತ್ತು. ಸಂಬಳದ ಬದಲು ಕೆಲಸದವರು ಕೈಗೆ ಸಿಕ್ಕ ಗುಂಡಿ, ಬಿಲ್ಲೆ, ಹಿಡಿಕೆಗಳನ್ನು ಮನೆಗೆ ಒಯ್ದರು. ಅವರ ಮಕ್ಕಳು ಮೊಮ್ಮಕ್ಕಳ ಅಟ್ಟಗಳಿಂದ ಅವೇ ಈಗ ಜಗತ್ತಿನಲ್ಲೆಲ್ಲ ಹರಿದು, ಒಂದೆರಡು ಚಾಮರಾಜನಗರಕ್ಕೂ ಬಂದಿವೆ. ಯಜಮಾನರು ಎಲ್ಲಕ್ಕಿಂತ ಜೋಪಾನ ಮಾಡಿದ್ದು ಒಂದು ಫೋಟೋವನ್ನು. ಕೆಲಸದವರೆಲ್ಲ ನೆಲದ ಮೇಲೆ ಕೂತು ಮಧ್ಯಾಹ್ನದ ಊಟ ಮಾಡುತ್ತಿದ್ದಾರೆ. ಹಿಂದೆ ಅರ್ಧ ಆದ ಕಾರು, ಚರ್ಮ ಸುಲಿದ ಕುರಿಯಂತೆ ನಿಂತಿದೆ. ಒಬ್ಬ ಬಾಯಲ್ಲಿ ಅನ್ನವೋ ಬ್ರೆಡ್ಡೋ ತುಂಬಿಕೊಂಡು ನಗುತ್ತಿದ್ದಾನೆ. "ಇವನೇ ಬಾಗಿಲು ತಟ್ಟಿದವನು ಅಂತ ನನಗೆ ಅನ್ನಿಸುತ್ತೆ" ಎನ್ನುತ್ತಿದ್ದರು. ಹಾಗನ್ನಿಸಲು ಕಾರಣವೇನೂ ಇಲ್ಲ. ಸುಮ್ಮನೆ.

ಅಂಗೈ ಉದ್ದದ ಒಂದು ಬೊಂಬೆಕಾರೂ ಇದೆ. ದಸರೆಯಲ್ಲಿ ಬೊಂಬೆ ಕೂರಿಸುವಾಗ ಪಟ್ಟದ ರಾಜ ರಾಣಿಯರ ಕೆಳಗಿನ ಮೆಟ್ಟಿಲಲ್ಲಿ ಅದಕ್ಕೂ ಜಾಗ. ಬೊಂಬೆ ನೋಡಲು ಬಂದ ಹೆಂಗಸರು, "ರಾಜನಿಗೆ ಆನೆ ಇಲ್ವಾ, ಕಾರಿಟ್ಟಿದ್ದೀರಿ?" ಎಂದು ನಗುತ್ತಿದ್ದರು. ದಸರೆ ಕಳೆದ ಮೇಲೆ ಅದನ್ನು ಒರೆಸಿಡುವುದು ನನ್ನ ಕೆಲಸ. ಹಳೆ ಪಂಚೆಯ ತುಂಡಿನಿಂದ ಒರೆಸಿ ಒರೆಸಿ, ಆ ಕಾರಿನ ಮೈಯ ಏರು ತಗ್ಗೆಲ್ಲ ನನ್ನ ಬೆರಳಿಗೆ ಗೊತ್ತು. ಮೂತಿ ತಗ್ಗು, ಮುಂದಿನ ದುಂಡು ದೀಪ, ಬೆನ್ನ ಮೇಲಿನ ಜಾಲರಿ. ಅದರಲ್ಲಿ ಆಸಕ್ತಿ ಇಟ್ಟು ತಿಳಿದದ್ದಲ್ಲ. ಮನೆಗೆಲಸ ಮಾಡುವವಳಿಗೆ ತಾನಾಗಿಯೇ ತಿಳಿಯುವುದು ಇಷ್ಟಿರುತ್ತದೆ.

ಈಗ ಕಣ್ಣಿನ ವಿಷಯ ಹೇಳಲೇಬೇಕು. ಹೇಳದೆ ಮುಂದೆ ಹೋಗಲು ನೋಡುತ್ತಿದ್ದೇನೆ, ಆಗುತ್ತಿಲ್ಲ.

ಸಕ್ಕರೆ ಕಾಯಿಲೆ ಅವರಿಗೆ ಬಹಳ ಕಾಲದಿಂದ. ಅದು ಕಣ್ಣಿನ ಒಳಗೆ ಇಳಿದದ್ದು ನಮಗೆ ತಡವಾಗಿ ಗೊತ್ತಾಯಿತು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ, ಒದ್ದೆ ಸೌದೆ ಉರಿಸಿದ ಅಡುಗೆಮನೆಯಲ್ಲಿ ನಿಂತ ಹಾಗೆ ಕಾಣುತ್ತದೆ ಎಂದು ಅವರೇ ಹೇಳುತ್ತಿದ್ದರು. ದೊಡ್ಡ ವಸ್ತುವಾದರೆ, ಬಿಸಿಲಿದ್ದರೆ, ಬಣ್ಣ ತಿಳಿಯುತ್ತದೆ. ನಾನು ಉಟ್ಟ ಸೀರೆ ಹಸಿರೋ ಕೆಂಪೋ ಹೇಳಬಲ್ಲರು, ನನ್ನ ಮುಖ ತಿಳಿಯದು. ಮೈಸೂರಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇದೂ ಹೆಚ್ಚು ದಿನ ಇರಲ್ಲಮ್ಮ, ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದರು. ಪಕ್ಕಕ್ಕೆ ಕರೆದದ್ದು ದಂಡ. ಕಣ್ಣು ಹೋದವರ ಕಿವಿ ಎಷ್ಟು ದೂರ ಕೇಳುತ್ತದೆ ಎಂದು ಡಾಕ್ಟರಿಗೂ ತಿಳಿದಿರಲಿಲ್ಲ.

ಅವತ್ತು ಬಸ್ಸಿನಲ್ಲಿ ಯಜಮಾನರು ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು. ಅವರು ಹೇಳಿದ್ದು ಇಷ್ಟು: "ಹೋಗುವುದು ಹೋಗಲಿ. ಆ ಕಾರಿನ ಬಣ್ಣ ಒಂದು ಸಲ ಕಣ್ಣಿಗೆ ಬಿದ್ದು ಹೋಗಿದ್ದರೆ ಆಗಿತ್ತು ಕಣೆ."

ದೇಶದಲ್ಲೇ ಇಲ್ಲದ ಕಾರು. ಹೇಗೆ ಬಿದ್ದೀತು? ಆದರೂ ನಾನು ಮಾದಪ್ಪನಿಗೆ ಹರಸಿಕೊಂಡೆ. ಆ ಕಾರು ಬರಲಿ, ಬೆಟ್ಟಕ್ಕೆ ನಡೆದು ಬರುತ್ತೇನೆ ಸ್ವಾಮಿ ಎಂದೆ. ಮಳೆ, ಮಗು, ಮದುವೆ ಎಂದು ಎಲ್ಲರೂ ಹರಸಿಕೊಳ್ಳುವಾಗ ಇಟಲಿ ಕಾರಿಗೆ ಹರಸಿಕೊಂಡವಳು ನಾನೊಬ್ಬಳೇ ಇರಬೇಕು. ಆ ಮೇಲೆ ಬಂದದ್ದೇ ಅವರೆಕಾಳಿನ ದಿನದ ಫೋನು. ಬೊಂಬಾಯಿಯ ಯಾರೋ ದೊಡ್ಡವರು ಅದನ್ನು ಪರದೇಶದಿಂದ ತರಿಸಿದ್ದಾರಂತೆ, ಊಟಿಗೆ ತರುತ್ತಿದ್ದಾರಂತೆ. ನಾನು ಹಿತುಕಿದ ಕಾಳನ್ನು ಅಲ್ಲೇ ಬಿಟ್ಟು ದೇವರ ಮುಂದೆ ಹೋಗಿ ನಿಂತೆ. ದೀಪಕ್ಕೆ ಎಣ್ಣೆ ಹಾಕಿ, ಬಂತಲ್ಲ ಸ್ವಾಮಿ ಎಂದೆ.

ಶನಿವಾರ ಸಂಜೆಗೇ ಹೊರಟೆವು. ಗುಂಡ್ಲುಪೇಟೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೂ ಕಿಟಕಿ ಪಕ್ಕ. ನಾನು ಇಂಥವನ್ನು ಲೆಕ್ಕ ಇಡುವವಳು. ಅಲ್ಲಿಂದ ಹಂಗಳದ ಬಸ್ಸೂ ನಿಂತೇ ಇತ್ತು. ಮಾದೇಶನ ಮನೆಯಲ್ಲಿ ಮಲಗಿದೆವು.

ಬೆಳಿಗ್ಗೆ ಐದಕ್ಕೆಲ್ಲ ಹೋಟೆಲಿನಲ್ಲಿ ಒಲೆ ಹೊತ್ತಿತ್ತು. ತಮ್ಮನ ಹೆಂಡತಿ ಇಡ್ಲಿ ಹಿಟ್ಟು ಹುಯ್ಯುತ್ತಿದ್ದಳು, ನಾನು ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಹೊರಗೆ ಮಂಜು. ಬಂಡೀಪುರದ ಗೇಟು ರಾತ್ರಿಯೆಲ್ಲ ಮುಚ್ಚಿರುತ್ತದಲ್ಲ, ಬೆಳಿಗ್ಗೆ ಆರಕ್ಕೆ ತೆಗೆಯುವುದನ್ನು ಕಾಯುತ್ತಾ ಲಾರಿಗಳು ರಸ್ತೆಯ ಪಕ್ಕ ಉದ್ದಕ್ಕೆ ನಿಲ್ಲುವುದು ಅಲ್ಲಿ ದಿನದ ಮಾತು. ಯಜಮಾನರನ್ನು ಹೋಟೆಲಿನ ಮುಂದೆ ಕುರ್ಚಿ ಹಾಕಿ, ಮಫ್ಲರು ಸುತ್ತಿ ಕೂರಿಸಿದ್ದೆ. ಪಕ್ಕದಲ್ಲಿ ಮಾದೇಶನ ಸಿದ್ಧತೆ: ಬೂದುಗುಂಬಳಕಾಯಿ, ನಿಂಬೆಹಣ್ಣು, ವಿಭೂತಿ ಗಟ್ಟಿ, ಕುಂಕುಮ, ತೋಳುದ್ದದ ಚೆಂಡುಹೂವಿನ ಹಾರ.

"ಇದೆಲ್ಲ ಯಾಕೋ?" ಎಂದೆ.

"ಸುಮ್ಕಿರಕ್ಕ. ಮನ್ಗೆ ಒಂದ್ ಮೊಪೆಡ್ ಬಂದ್ರೂ ಪೂಜೆ ಮಾಡ್ತೀವಿ. ಭಾವನ್ ಕಾರು ಬಂದಾಗ ಸುಮ್ಕೆ ಕಳ್ಸ್‌ಬುಡದಾ?"

ಅಷ್ಟರಲ್ಲಿ ಒಂದು ದೊಡ್ಡ ಬಿಳಿ ಲಾರಿ ಬಂದು ಹೋಟೆಲಿನ ಮುಂದೆಯೇ ನಿಂತಿತು. ನಾಲ್ಕೂ ಕಡೆ ತಗಡಿನಿಂದ ಮುಚ್ಚಿದ ಪೆಟ್ಟಿಗೆಯಂಥದ್ದು. ಡ್ರೈವರು ಇಳಿದು ಚಹಾ ಎಂದ. ಮಾದೇಶ ಸೌಟು ಹಿಡಿದುಕೊಂಡೇ ಓಡಿದ.

"ತಗಿ ತಗಿ! ಇಲ್ಲಿ ನಿಲ್ಲಂಗಿಲ್ಲ! ಆಗೇ ಜಾವ್! ಇಲ್ಲಿ ದೊಡ್ ಕಾರು ನಿಲ್ಬೇಕು ಕಣಯ್ಯ, ಜಾಗ ಮಡಗಿವ್ನಿ!"

ಡ್ರೈವರು ಹಿಂದಿಯಲ್ಲಿ ಬೇಡಿಕೊಂಡ. ಐದು ನಿಮಿಷ ಎನ್ನುತ್ತಿದ್ದನೆಂದು ಕಾಣುತ್ತದೆ. ನನ್ನ ತಮ್ಮ ಕೆಟ್ಟವನಲ್ಲ. ಟೀಯನ್ನು ಪೇಪರು ಲೋಟದಲ್ಲಿ ತುಂಬಿ, ದುಡ್ಡು ತೆಗೆದುಕೊಳ್ಳದೆ, ಅವನನ್ನು ಲಾರಿ ಹತ್ತಿಸಿ ಲೋಟವನ್ನು ಕಿಟಕಿಯಿಂದ ಕೊಟ್ಟು ಕಳಿಸಿದ. ಲಾರಿ ಬುಸ್ಸೆಂದು ಹೊಗೆ ಬಿಟ್ಟು ಮುಂದೆ ಹೋಯಿತು. ಯಜಮಾನರು ಮಫ್ಲರಿನಿಂದ ಮೂಗು ಮುಚ್ಚಿಕೊಂಡರು. ನಾವು ಹೆಂಗಸರು ಒಳಗೆ ಬಿದ್ದು ಬಿದ್ದು ನಕ್ಕೆವು, ಅವನ ಹಿಂದಿಗೆ.

ಬಿಸಿಲು ಚೆನ್ನಾಗಿ ಏರಿದ ಮೇಲೆ ಕಾರುಗಳು ಬಂದವು. ಮೊದಲು ಸದ್ದು ಬಂತು, ದೂರದಲ್ಲಿ ಹುಲಿ ಕೆಮ್ಮಿದ ಹಾಗೆ. ಹಳದಿ, ನೀಲಿ, ಕಪ್ಪು, ಒಂದರ ಹಿಂದೆ ಒಂದು. ಯಜಮಾನರು ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. ಆಮೇಲೆ ಒಂದು ಕೆಂಪು ಬಂತು, ಚಪ್ಪಟೆಯಾಗಿ, ನೆಲ ಮೂಸುತ್ತಾ.

"ಬಂತು ಭಾವಾ! ಬಂತು!" ಎಂದು ಮಾದೇಶ ಹಾರ ಎತ್ತಿಕೊಂಡು ರಸ್ತೆಗೇ ಇಳಿದ.

ನಾನು ನೋಡಿದೆ. ಅದರ ದೀಪ ದುಂಡಗಿರಲಿಲ್ಲ. ಕೋಪ ಬಂದವರು ಕಣ್ಣು ಕಿರಿದು ಮಾಡಿದ ಹಾಗೆ ಸೀಳಾಗಿತ್ತು. ಮೂತಿ ಉದ್ದ. ಬೆನ್ನ ಮೇಲೆ ಜಾಲರಿ ಇಲ್ಲ. ಒರೆಸುವ ಕೈಗೆ ಕೂಡಲೇ ತಿಳಿಯಿತು, ಇದು ಅದಲ್ಲ. ಆದರೆ ನನ್ನ ತಮ್ಮನಿಗೆ ಕೆಂಪಗೆ ಚಪ್ಪಟೆಗೆ ಇದ್ದದ್ದೆಲ್ಲ ಭಾವನ ಕಾರೇ. ಅವನಾಗಲೇ ಅದರ ಮೂತಿಗೆ ಹಾರ ಹಾಕಿ, ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟು, ನಿಂಬೆಹಣ್ಣನ್ನು ಚಕ್ರದ ಕೆಳಗೆ ಇಟ್ಟಾಗಿತ್ತು. ಕಾರಿನವರು, ಬೆಂಗಳೂರಿನ ಕಡೆಯ ನಡುವಯಸ್ಸಿನವರು, ಬೈಯುತ್ತಾರೇನೋ ಎಂದುಕೊಂಡೆ. ಅವರು ಇಳಿದು ನಗುತ್ತಾ ಫೋನಿನಲ್ಲಿ ಚಿತ್ರ ತೆಗೆಯತೊಡಗಿದರು.

"ಸಾ, ನಮ್ ಭಾವ ಇಸ್ಕೂಲ್ ಉಡ್ಗ ಆಗಿದ್ದಾಗಿಂದ್ಲೂ ಇದ್ಕೇ ಕಾಯ್ತಾವ್ರೆ" ಎಂದ ಮಾದೇಶ. ಯಜಮಾನರ ಕೈ ಹಿಡಿದು ಕರೆದುಕೊಂಡು ಹೋಗಿ ಕಾರಿನ ಮೂತಿಯ ಮೇಲೆ ಇಟ್ಟ. "ಮುಟ್ಟಿ ಭಾವ. ಬಣ್ಣ ಕಾಣ್ತದಾ? ಬಿಸ್ಲಲ್ಲಿ ನಿಲ್ಸಿವ್ನಿ."

ಯಜಮಾನರು ಕೈ ಇಟ್ಟರು. ಇಟ್ಟವರೇ ಥಟ್ಟನೆ ತೆಗೆದರು. ಮತ್ತೆ ಇಟ್ಟರು. ಆಮೇಲೆ ಕಾರಿನ ಮೈ ಸವರಿಕೊಂಡು ನಿಧಾನವಾಗಿ ಹಿಂದಕ್ಕೆ ನಡೆದರು. ಸೀಟಿನ ಹಿಂದಿನ ಜಾಗಕ್ಕೆ ಬಂದು ಅಂಗೈ ಇಟ್ಟು ನಿಂತರು. ಸುಮಾರು ಹೊತ್ತು ನಿಂತರು. ಸುತ್ತ ಜನ ಸೇರಿದ್ದರು.

"ಇದೇ ಅಲ್ವಾ ಭಾವ?"

ನಾನು ಚಕ್ರದ ಕೆಳಗಿನ ನಿಂಬೆಹಣ್ಣು ನೋಡುತ್ತಾ ನಿಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂದು ಎರಡೂ ಕಡೆಯ ನೆಂಟರಲ್ಲಿ ನನಗೆ ಹೆಸರಿದೆ.

"ಇದೇ ಕಣಪ್ಪಾ ಮಾದೇಶ" ಎಂದರು ಯಜಮಾನರು. "ಇದೇ."

ಮಾದೇಶ ಬೂದುಗುಂಬಳವನ್ನು ಮೂರು ಸುತ್ತು ಸುತ್ತಿ ರಸ್ತೆಗೆ ಹೊಡೆದ. ಜನ ಚಪ್ಪಾಳೆ ತಟ್ಟಿದರು.

ಎಲ್ಲರೂ ಇಡ್ಲಿಗೆ ಕೂತಾಗ ನಾನು ಆ ಕಾರಿನವರ ಹತ್ತಿರ ಹೋಗಿ ನನ್ನ ಫೋನಿನಲ್ಲಿದ್ದ ಚಿತ್ರ ತೋರಿಸಿದೆ. "ಸಾರ್, ಇದು ಯಾವಾಗ ಬರುತ್ತೆ?"

"ಓ ಇದಾ? ಇದನ್ನ ರಸ್ತೆಗೆ ಇಳಿಸಲ್ಲಮ್ಮ. ಲಾರಿಯೊಳಗೆ ಮುಚ್ಚಿ ತರ್ತಾರೆ. ಗೇಟು ತೆಗೆದ ತಕ್ಷಣ ದಾಟಿ ಹೋಯ್ತಂತೆ, ಬಿಳೀ ಲಾರಿ. ನೀವು ನೋಡಲಿಲ್ವಾ? ಇಲ್ಲೇ ಎಲ್ಲೋ ಟೀಗೆ ನಿಂತಿದ್ನಂತಲ್ಲ ಡ್ರೈವರು, ಯಾರೋ ಪುಣ್ಯಾತ್ಮ ಟೀ ಪುಕ್ಕಟೆ ಕೊಟ್ಟ ಅಂತ ಫೋನಲ್ಲಿ ಹೇಳ್ತಿದ್ದ."

"ಊಟಿಗೆ ಹೋದ್ರೆ ನೋಡಬಹುದಾ?"

"ಒಳಗೆ ಬಿಡಲ್ಲಮ್ಮ. ಅಲ್ಲಿ ಕಾರಿನವರಿಗೆ ಮಾತ್ರ."

ನಾನು ಅವರ ತಟ್ಟೆಗೆ ಇನ್ನೆರಡು ಇಡ್ಲಿ ಹಾಕಿ ಬಂದೆ.

ವಾಪಸಾಗುವಾಗ ತೆರಕಣಾಂಬಿಯವರೆಗೆ ಕಿಟಕಿಯ ಗಾಳಿಗೆ ಅವರ ಮಫ್ಲರು ಸರಿಮಾಡುತ್ತಾ ಕೂತೆ. ಅಲ್ಲಿ ಬಸ್ಸು ನಿಂತಾಗ ಅವರೇ ಕೇಳಿದರು, "ನಿನಗೆ ಯಾವಾಗ ಗೊತ್ತಾಯ್ತು?"

"ನೋಡಿದ ತಕ್ಷಣ. ದೀಪ ದುಂಡಗಿರಲಿಲ್ಲ. ನಿಮಗೆ?"

"ಮೂತಿ ಸುಡ್ತಿತ್ತು. ಹಿಂದೆ ತಣ್ಣಗಿತ್ತು. ನಂದಕ್ಕೆ ಒಲೆ ಹಿಂದಲ್ವಾ, ಮುಂದೆ ತಣ್ಣಗಿರಬೇಕಲ್ಲ ಕಣೆ."

"ಮತ್ತೆ ಇದೇ ಅಂದಿರಿ?"

"ಮಾದೇಶ ಹಾರ ಹಾಕಿ, ಬಿಸಿಲಲ್ಲಿ ನಿಲ್ಲಿಸಿ ಕಾಯ್ತಿದ್ದ. ಏನು ಹೇಳಲಿ?" ಆಮೇಲೆ, "ನಿಜವಾದದ್ದು ಬರಲೇ ಇಲ್ವಾ?" ಎಂದರು.

ಬರಲಿಲ್ಲ ಎಂದುಬಿಡಬಹುದಿತ್ತು. ಯಾರೂ ಕೇಳುವವರಿರಲಿಲ್ಲ. ಆದರೆ ಬೆಳಿಗ್ಗೆ ಒಂದು ಸುಳ್ಳನ್ನು ಇಬ್ಬರೂ ಸೇರಿ ಹೊತ್ತಾಗಿತ್ತು, ಎರಡನೆಯದನ್ನು ನಾನೊಬ್ಬಳೇ ಅವರ ಪಕ್ಕದಲ್ಲಿ ಕೂತು ಹೊರಲಾರದೆ ಹೋದೆ. "ಬಂದಿತ್ತು ರೀ. ಆ ಲಾರಿಯೊಳಗಿತ್ತು. ಮಾದೇಶ ಟೀ ಕೊಟ್ಟು ಕಳಿಸಿದ್ನಲ್ಲ, ಅದು."

ಅವರು ನನ್ನ ಕಡೆಗೆ ತಿರುಗಲಿಲ್ಲ. "ನನ್ನೆದುರಿಗೇ ನಿಂತಿತ್ತು" ಎಂದರು. "ಬೆಳ್ಳಗೆ. ಯಾರೋ ಗೋಡೆ ಕಟ್ಟಿದ ಹಾಗೆ ಕಂಡಿತು ನನಗೆ." ಊರು ಹತ್ತಿರವಾದಾಗ ಇಷ್ಟು ಹೇಳಿದರು: "ಮಾದೇಶನಿಗೆ ಗೊತ್ತಾಗೋದು ಬೇಡ."

ಗೊತ್ತಾಗಿಲ್ಲ. ಅದೊಂದು ಪುಣ್ಯ ಎಂದು ಎಣಿಸಿಟ್ಟುಕೊಂಡಿದ್ದೇನೆ. ಅವನು ಈಗಲೂ ಹೋಟೆಲಿಗೆ ಬಂದವರಿಗೆಲ್ಲ ಕಾರಿನವರು ತೆಗೆದು ಕಳಿಸಿದ ವೀಡಿಯೋ ತೋರಿಸುತ್ತಾನೆ. ನನಗೆ ಫೋನು ಮಾಡಿದಾಗಲೆಲ್ಲ, "ಕಣ್ಣು ಓಗೋಕ್ ಮುಂಚೆ ತೋರಿಸ್ಬುಟ್ನಲ್ಲಕ್ಕ, ಅಷ್ಟು ಸಾಕು ನಂಗೆ" ಎನ್ನುತ್ತಾನೆ. ಹೂಂ ಕಣಪ್ಪಾ ಎನ್ನುತ್ತೇನೆ. ಅವನು ಹೇಳುವುದರಲ್ಲಿ ಅರ್ಧ ನಿಜ. ಆ ಚಳಿ ಮುಗಿಯುವುದರೊಳಗೆ ಉಳಿದ ಕಣ್ಣಿನ ಹೊಗೆಯೂ ಕಪ್ಪಾಯಿತು. ಈಗ ನನ್ನ ಸೀರೆಯ ಬಣ್ಣವನ್ನು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಹರಕೆಯ ವಿಷಯ ಏನು ಮಾಡಬೇಕೆಂದು ತಿಳಿಯದಾಗಿದೆ. ಕಾರು ಬಂತಲ್ಲ, ಮಾದಪ್ಪ ತನ್ನ ಮಾತು ನಡೆಸಿದ್ದಾನೆ. ನಾನು ಬರಲಿ ಎಂದು ಕೇಳಿಕೊಂಡೆ, ಬಂತು. ಕಾಣಲಿ ಎಂದು ಕೇಳಲು ಮರೆತೆನೇ? ದೇವರನ್ನು ನಾನು ಬೈಯುವುದಿಲ್ಲ. ದೀಪ ಹಚ್ಚುತ್ತೇನೆ, ಕೈ ಮುಗಿಯುತ್ತೇನೆ. ಮೊದಲಿನ ಹಾಗೆ ನಿಂತು ಮಾತಾಡಲು ಮಾತ್ರ ಆಗುತ್ತಿಲ್ಲ.

ಆ ಭಾನುವಾರ ಸಂಜೆ ಮನೆಗೆ ಬಂದು ಬೀಗ ತೆಗೆದು, ಅವರನ್ನು ಹಜಾರದಲ್ಲಿ ಕೂರಿಸಿದೆ. ಕಾಫಿ ಕೊಟ್ಟೆ. ಕುಡಿದು ಲೋಟ ಇಟ್ಟು, ಕನ್ನಡಕ ತೆಗೆದು ನನ್ನ ಕಡೆಗೆ ಚಾಚಿದರು. ಅದರಿಂದ ಉಪಯೋಗವಿಲ್ಲವೆಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು, ಅವರು ಬಿಟ್ಟಿರಲಿಲ್ಲ.

"ಇದನ್ನ ಇಡು."

"ಎಲ್ಲಿಡಲಿ?"

"ಎಲ್ಲಾದ್ರೂ ಇಡು."

ಒಂದು ನಟ್ಟಿಗೂ ಹತ್ತಿ ಹಾಸಿ, ಅದರದೇ ಡಬ್ಬಿಯಲ್ಲಿ, ಅದರದೇ ಜಾಗದಲ್ಲಿ ಇಡುವ ಮನುಷ್ಯ. ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ.

ಕನ್ನಡಕ ಹಿಡಿದುಕೊಂಡೇ ಹಿತ್ತಿಲಿಗೆ ಹೋದೆ. ಶನಿವಾರ ಒಣಹಾಕಿದ ಬಟ್ಟೆ ತಂತಿಯ ಮೇಲೇ ಇತ್ತು. ಇಬ್ಬನಿಗೆ ನೆನೆದು ಬಿಸಿಲಿಗೆ ಒಣಗಿ ಹಪ್ಪಳದಂತಾಗಿತ್ತು. ಎಳೆದು ತಂದು ಮಡಿಸಲು ಕೂತೆ. ಅವರ ಬಟ್ಟೆಯನ್ನು ನಾನು ಯಾವಾಗಲೂ ಒಂದೇ ಗುಡ್ಡೆಯಾಗಿ ಬೀರುವಿನಲ್ಲಿ ಇಡುತ್ತಿದ್ದೆ. ಅಂದು ಅಂಗಿಗಳನ್ನು ಬೇರೆ ಮಾಡಿ ಎಡಕ್ಕೆ, ಪಂಚೆಗಳನ್ನು ಬಲಕ್ಕೆ, ಟವಲುಗಳನ್ನು ಕೆಳಗೆ ಇಡತೊಡಗಿದೆ, ಕೈಯಿಟ್ಟರೆ ಸಿಗುವ ಹಾಗೆ.